ವಾಕ್-ಇನ್ ಕೋಳಿ ರನ್ ಕಿಟ್: ಚೌಕಟ್ಟು ಪರವಾಗಿಲ್ಲ, ಜಾಲರಿಯನ್ನು ನಂಬಬೇಡಿ

ಹಿತ್ತಲಲ್ಲಿ ಎಂಟು ಹತ್ತು ಕೋಳಿ ಸಾಕುವವರಿಗೆ ಗೂಡು ಒಂದಿದ್ದರೆ ಸಾಲದು. ಹಗಲಿಡೀ ಕೆದಕಿಕೊಂಡು ಓಡಾಡಲು ಜಾಲರಿಯ ಆವರಣವೂ ಬೇಕು. ಅದು ಮನುಷ್ಯರು ಒಳಗೆ ನೆಟ್ಟಗೆ ನಿಂತು ಕೆಲಸ ಮಾಡುವಷ್ಟು ಎತ್ತರವಿರಬೇಕು. ಸೊಂಟದೆತ್ತರದ ಆವರಣವಾದರೆ ಮೂಲೆಯಲ್ಲಿಟ್ಟ ಮೊಟ್ಟೆ ತೆಗೆಯಲೂ, ಮಂಕಾಗಿ ಕೂತ ಹೇಂಟೆಯನ್ನು ಹಿಡಿಯಲೂ ತೆವಳಬೇಕು. ತೆವಳಬೇಕಾದ ಜಾಗವನ್ನು ಯಾರೂ ವಾರ ವಾರ ಗುಡಿಸುವುದಿಲ್ಲ.

ಈ ಕೆಲಸಕ್ಕೆಂದೇ ವಾಕ್-ಇನ್ ರನ್ ಎಂಬ ಹೆಸರಿನ ರೆಡಿಮೇಡ್ ಕಿಟ್‌ಗಳು ಸಿಗುತ್ತವೆ. ಪೆಟ್ಟಿಗೆಯ ಮೇಲಿನ ಹೆಸರು ಬೇರೆ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಸತು ಲೇಪಿಸಿದ ಉಕ್ಕಿನ ಪೈಪುಗಳು, ಅವನ್ನು ಕೂಡಿಸುವ ಮೂಲೆ ಜಾಯಿಂಟುಗಳು, ಆರು ಮೂಲೆ ಕಣ್ಣಿನ ಜಾಲರಿಯ ಸುರುಳಿ, ಒಂದು ಬಾಗಿಲು, ಮಾಡಿಗೆ ಹೊದಿಸಲು ಒಂದು ತಾಡಪಾಲು, ಒಂದು ಚೀಲ ಪ್ಲಾಸ್ಟಿಕ್ ಟೈ, ಬೆರಳು ದಪ್ಪದ ನಾಲ್ಕಾರು ಗೂಟ. ಇಲ್ಲಿ ಪರಿಶೀಲಿಸುತ್ತಿರುವುದು ಇವುಗಳಲ್ಲಿ ಹೆಚ್ಚು ಬಿಕರಿಯಾಗುವ 3 × 4 ಮೀಟರ್ ಅಳತೆಯ, ಎರಡು ಇಳಿಜಾರಿನ ಮಾಡಿನ ಮಾದರಿಯನ್ನು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೈಪು ದಪ್ಪಗಿದ್ದರೆ ಈ ಕಿಟ್ಟನ್ನು ಚೌಕಟ್ಟಿಗಾಗಿ ಕೊಳ್ಳಬಹುದು. ಜಾಲರಿ, ಗೂಟ, ಟೈ, ಚಿಲಕ ಇವಿಷ್ಟನ್ನೂ ಬದಲಿಸುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಪೆಟ್ಟಿಗೆಯಿಂದ ತೆಗೆದು ಚಿತ್ರದಲ್ಲಿ ತೋರಿಸಿದಂತೆ ನಿಲ್ಲಿಸಿ ರಾತ್ರಿ ನಿಶ್ಚಿಂತೆಯಿಂದ ಮಲಗುವ ವಸ್ತು ಇದಲ್ಲ.

ಎಷ್ಟು ಕೋಳಿಗೆ ಸಾಕು?

3 × 4 ಎಂದರೆ 12 ಚದರ ಮೀಟರ್. ರನ್‌ನಲ್ಲಿ ಒಂದು ಕೋಳಿಗೆ ಕನಿಷ್ಠ 1 ಚದರ ಮೀಟರ್ ಎಂಬುದು ಸಾಕುವವರ ನಡುವೆ ನಡೆದುಬಂದ ಲೆಕ್ಕ. ಗೂಡು ಹೊರಗಿದ್ದು ರನ್ ಪೂರ್ತಿ ಖಾಲಿಯಿದ್ದರೆ 12 ಕೋಳಿ. ಗೂಡನ್ನೂ ರನ್ ಒಳಗೇ ನೆಲದ ಮೇಲೆ ಇಟ್ಟರೆ ಅದು ತಿಂದ ಜಾಗವನ್ನು ಕಳೆಯಬೇಕು. 60 ಸೆಂ.ಮೀ. ಕಾಲುಗಳ ಮೇಲೆ ಎತ್ತಿ ಇಟ್ಟರೆ ಕಳೆಯಬೇಕಿಲ್ಲ, ಅದರಡಿಯ ನೆರಳೂ ಕೋಳಿಗೇ ದಕ್ಕುತ್ತದೆ. ಹೊರಗೆ ಬಿಡುವ ಅವಕಾಶವೇ ಇಲ್ಲದೆ ವರ್ಷವಿಡೀ ಇದರೊಳಗೇ ಇರುವ ಕೋಳಿಗಳಾದರೆ ಎಂಟಕ್ಕೆ ನಿಲ್ಲಿಸಿ. ಜಾಹೀರಾತಿನಲ್ಲಿ ಬರೆದ ಸಂಖ್ಯೆ ಇದಕ್ಕಿಂತ ದೊಡ್ಡದಿದ್ದರೆ ಅದು ಕೋಳಿ ನಿಲ್ಲುವ ಲೆಕ್ಕ, ಬಾಳುವ ಲೆಕ್ಕ ಅಲ್ಲ. ಇಕ್ಕಟ್ಟಾದರೆ ಮೊದಲು ಕಾಣುವುದು ಬೆನ್ನಿನ ಮತ್ತು ಬಾಲದ ಬುಡದ ಗರಿ ಕೀಳುವ ಚಾಳಿ. ಒಮ್ಮೆ ರಕ್ತ ಕಂಡರೆ ಉಳಿದವೂ ಅಲ್ಲೇ ಕುಕ್ಕುತ್ತವೆ.

ಪೈಪು

ಕಿಟ್‌ನ ವಿವರಣೆಯಲ್ಲಿ ಪೈಪಿನ ಹೊರ ವ್ಯಾಸ ದೊಡ್ಡ ಅಕ್ಷರದಲ್ಲಿರುತ್ತದೆ, ಗೋಡೆಯ ದಪ್ಪ ಎಲ್ಲೋ ಅಡಿಯಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಕೇಳಬೇಕಾದದ್ದು ಎರಡನೆಯದನ್ನು. 32 ಮಿ.ಮೀ. ವ್ಯಾಸದ ಪೈಪಿನ ಗೋಡೆ 0.6 ಮಿ.ಮೀ. ಇದ್ದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 465 ಗ್ರಾಂ ತೂಗುತ್ತದೆ. 1 ಮಿ.ಮೀ. ಇದ್ದರೆ ಸುಮಾರು 765 ಗ್ರಾಂ. ಅಂಗಡಿಯವರಿಗೆ ದಪ್ಪ ಗೊತ್ತಿಲ್ಲದಿದ್ದರೆ ಒಂದು ಪೈಪನ್ನು ತಕ್ಕಡಿಗೆ ಹಾಕಿಸಿ, ಉದ್ದದಿಂದ ಭಾಗಿಸಿ; ಬೇರೆ ಪುರಾವೆ ಬೇಡ. 0.6ರ ಪೈಪಿಗೆ ಸ್ಕ್ರೂ ಹಾಕಿದರೆ ಹಲ್ಲು ಹಿಡಿಯಲು ಲೋಹವೇ ಇರುವುದಿಲ್ಲ, ಕೊನೆಯ ಸುತ್ತಿಗೆ ಸ್ಕ್ರೂ ಸುಮ್ಮನೆ ತಿರುಗುತ್ತದೆ. ಮುಂದೆ ಹೇಳಿರುವ ಯಾವ ದುರಸ್ತಿಯೂ ಅಂಥ ಪೈಪಿನ ಮೇಲೆ ಬಹಳ ದಿನ ನಿಲ್ಲುವುದಿಲ್ಲ. ಹಾಗಾಗಿ 1 ಮಿ.ಮೀ.ಗಿಂತ ತೆಳುವಾದದ್ದನ್ನು ವಾಪಸ್ ಕಳಿಸಿ.

ತುಕ್ಕು ಹೊರಮೈಯಲ್ಲಿ ಶುರುವಾಗುವುದು ಕಡಿಮೆ. ಅದು ಕಾಣಿಸಿಕೊಳ್ಳುವುದು ಮೂರು ಕಡೆ: ಪೈಪು ಕತ್ತರಿಸಿದ ತುದಿ, ಬೋಲ್ಟಿಗೆಂದು ಕೊರೆದ ತೂತು, ಮತ್ತೆ ಒದ್ದೆ ಹಾಸಿನಲ್ಲಿ (ರನ್‌ನ ನೆಲಕ್ಕೆ ಹರಡುವ ಮರದ ಚೂರಿನಲ್ಲಿ) ಹೂತುಕೊಂಡ ಕಾಲಿನ ಬುಡ. ಹಿಕ್ಕೆಯಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿದರೆ ಸತುವಿನ ಲೇಪ ಬೇಗ ಸವೆಯುತ್ತದೆ. ಜೋಡಿಸುವ ಮೊದಲೇ ಪ್ರತಿ ತೂತಿಗೆ, ಪ್ರತಿ ತುದಿಗೆ ಸತು ಇರುವ ಪೇಂಟ್ ಒಂದು ಕೈ ಬಳಿಯಿರಿ, ಕಾಲುಗಳು ಮಣ್ಣು ಮುಟ್ಟದಂತೆ ನೋಡಿಕೊಳ್ಳಿ. ಅದಕ್ಕೆ ದಾರಿ ಮುಂದಿದೆ.

ಜಾಲರಿ

ಕಿಟ್‌ನ ಅತಿ ದುರ್ಬಲ ಭಾಗ ಇದೇ. ಆರು ಮೂಲೆ ಕಣ್ಣಿನ ಈ ಜಾಲರಿಗೆ ಕೋಳಿ ಜಾಲರಿ ಎಂದೇ ಹೆಸರು, ಅದು ಮಾಡುವ ಕೆಲಸವೂ ಅಷ್ಟೇ: ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ. ಹೊರಗಿನದ್ದು ಒಳಗೆ ಬಾರದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಕಣ್ಣುಗಳನ್ನು ಎಲ್ಲೂ ಬೆಸೆದಿಲ್ಲ, ಪಕ್ಕಪಕ್ಕದ ಎರಡು ತೆಳು ತಂತಿಗಳನ್ನು ಒಂದಕ್ಕೊಂದು ಹೊಸೆದು ಬಿಟ್ಟಿದ್ದಾರೆ. ಒಂದು ಕಡೆ ತಂತಿ ತುಂಡಾಯಿತೋ, ನಾಯಿ ಹಲ್ಲಿನಲ್ಲಿ ಕಚ್ಚಿ ಎಳೆದಂತೆಲ್ಲ ಹೊಸೆತ ಬಿಚ್ಚಿಕೊಳ್ಳುತ್ತಾ ತೂತು ತಲೆ ತೂರುವಷ್ಟಾಗುತ್ತದೆ. ಪ್ಲಾಸ್ಟಿಕ್ ಲೇಪಿಸಿದ ಜಾಲರಿ ದಪ್ಪಗೆ ಕಾಣುತ್ತದೆ. ಲೇಪ ಸುಲಿದು ನೋಡಿ, ಒಳಗಿನ ತಂತಿ ಬಹುಪಾಲು 1 ಮಿ.ಮೀ. ಕೂಡ ಇರುವುದಿಲ್ಲ. ಜೊತೆಗೆ 25 ಮಿ.ಮೀ. ಕಣ್ಣಿನಲ್ಲಿ ಇಲಿಯೂ ಸಣ್ಣ ಹಾವೂ ಸಲೀಸಾಗಿ ತೂರುತ್ತವೆ. ರಕೂನ್‌ನಂತೆ ಕೈ ಬಳಸುವ ಪ್ರಾಣಿ ಇರುವ ಕಡೆ ಜಾಲರಿಗೆ ಒರಗಿ ಮಲಗಿದ ಕೋಳಿಯನ್ನು ಹೊರಗಿನಿಂದಲೇ ಹಿಡಿದೆಳೆಯುತ್ತದೆ.

ಬದಲಿಗೆ ಬೇಕಾದದ್ದು 12 ಮಿ.ಮೀ. ಚೌಕ ಕಣ್ಣಿನ ವೆಲ್ಡ್ ಮೆಶ್, ತಂತಿ ಕನಿಷ್ಠ 19 ಗೇಜ್, ಅಂದರೆ ಸುಮಾರು 1 ಮಿ.ಮೀ. ದೊಡ್ಡ ನಾಯಿಗಳ ಕಾಟವಿದ್ದರೆ 16 ಗೇಜ್, ಅಂದರೆ 1.6 ಮಿ.ಮೀ. ಇದು ಗಡುಸು, ಕೈಯಲ್ಲಿ ಮಡಚಲು ಆಗುವುದಿಲ್ಲ, ಹಲಗೆಯ ಅಂಚಿಗಿಟ್ಟು ಸುತ್ತಿಗೆಯಲ್ಲಿ ಬಡಿದು ಬಗ್ಗಿಸಬೇಕು. ಕೊಳ್ಳುವಾಗ ಬೆಸುಗೆಯ ಮೇಲೆ ಕಣ್ಣಿಡಿ. ಬೆಸೆದ ಮೇಲೆ ಸತುವಿನಲ್ಲಿ ಅದ್ದಿದ ಮೆಶ್‌ನಲ್ಲಿ ತಂತಿಗಳು ಕೂಡುವ ಕಡೆ ಸತು ಸಣ್ಣ ಹನಿಯಂತೆ ತುಂಬಿಕೊಂಡಿರುತ್ತದೆ. ಮೊದಲೇ ಲೇಪಿಸಿದ ತಂತಿಯನ್ನು ಆಮೇಲೆ ಬೆಸೆದಿದ್ದರೆ ಪ್ರತಿ ಕೂಡಿಕೆಯಲ್ಲೂ ಕಂದು ಬಣ್ಣದ ಸುಟ್ಟ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯೇ ಮುಂದೆ ತುಕ್ಕಿನ ಬೀಜ. ಬೆಲೆ ಹೆಚ್ಚಾದರೂ ಮೊದಲನೆಯದನ್ನೇ ಕೊಳ್ಳಿ.

ಎಷ್ಟು ಬೇಕು? ಸುತ್ತಳತೆ 14 ಮೀಟರ್. 1.2 ಮೀಟರ್ ಅಗಲ, 30 ಮೀಟರ್ ಉದ್ದದ ಒಂದು ಸುರುಳಿ ತಂದರೆ ಕೆಳಗಿನ 1.2 ಮೀಟರ್ ಗೋಡೆಗೆ 14 ಮೀಟರ್ ಹೋಗುತ್ತದೆ. ನೆಲದ ಮೇಲೆ ಹಾಸುವ 60 ಸೆಂ.ಮೀ. ಅಗಲದ ಪಟ್ಟಿಗೆ ಸುರುಳಿಯನ್ನು ಉದ್ದಕ್ಕೆ ಸೀಳಿದರೆ 7 ಮೀಟರ್ ಸಾಕು. ನಾಲ್ಕು ಮೂಲೆಗೆ 60 × 60ರ ಚೌಕ ತುಂಡುಗಳಿಗೆ ಇನ್ನು 1.2 ಮೀಟರ್. ಒಟ್ಟು 22.2. ಉಳಿದ ಏಳೂಮುಕ್ಕಾಲು ಮೀಟರ್‌ನಲ್ಲಿ ಕೂಡಿಕೆಗಳ ಮೇಲೆ 10 ಸೆಂ.ಮೀ. ಹೊದಿಕೆ, ಬಾಗಿಲ ಸಂದಿನ ಪಟ್ಟಿ, ಗೂಡಿನ ಗಾಳಿಕಿಂಡಿ ಎಲ್ಲ ಆಗುತ್ತದೆ. ಕಿಟ್‌ನ ಜಾಲರಿಯನ್ನು ಎಸೆಯಬೇಡಿ. ಗೋಡೆಯ ಮೇಲ್ಭಾಗಕ್ಕೂ ಮಾಡಿಗೂ ಹದ್ದು, ಗಿಡುಗ ತಡೆಯಲು ಅದು ಸಾಕು.

ಇಲ್ಲಿ ಒಂದು ಮಾತು. ಇಲಿ ಜಾಲರಿ ಹತ್ತುತ್ತದೆ. ಕೆಳಗೆ ಮಾತ್ರ ಸಣ್ಣ ಕಣ್ಣಿನ ಮೆಶ್ ಹಾಕಿ ಮೇಲೆ ದೊಡ್ಡ ಕಣ್ಣು ಬಿಟ್ಟರೆ ಅದು ಮೇಲಿಂದ ಇಳಿಯುತ್ತದೆ. ಹೆಗ್ಗಣದ ಹಾವಳಿ ಇರುವ ಜಾಗದಲ್ಲಿ ಎರಡೇ ಆಯ್ಕೆ: ಮಾಡಿನ ಸಮೇತ ಎಲ್ಲವನ್ನೂ 12 ಮಿ.ಮೀ. ಮೆಶ್‌ನಲ್ಲಿ ಮುಚ್ಚುವುದು, ಇಲ್ಲವೇ ರನ್‌ಗೆ ಇಲಿ ಬರುತ್ತದೆಂದು ಒಪ್ಪಿಕೊಂಡು, ಕತ್ತಲಾಗುವ ಮೊದಲು ಮೇವಿನ ಡಬ್ಬಿ ಹೊರಗೆ ತೆಗೆದು, ಕೋಳಿಗಳನ್ನು ಭದ್ರವಾದ ಗೂಡಿನಲ್ಲಿ ಕೂಡಿಹಾಕುವುದು. ಎರಡನೆಯದು ಅಗ್ಗ, ಆದರೆ ಒಂದು ಸಂಜೆಯೂ ತಪ್ಪುವಂತಿಲ್ಲ.

ಮೆಶ್ ಕಟ್ಟಲು ಪೆಟ್ಟಿಗೆಯಲ್ಲಿ ಬರುವ ಬಿಳಿ ಪ್ಲಾಸ್ಟಿಕ್ ಟೈ ಬೇಡ. ಬಿಸಿಲಿಗೆ ಗರಿಗರಿಯಾಗಿ ಮುರಿಯುತ್ತವೆ, ಅದೂ ಎಲ್ಲವೂ ಸುಮಾರು ಒಂದೇ ಕಾಲಕ್ಕೆ. ಕಪ್ಪು ಬಣ್ಣದ, ಬಿಸಿಲು ತಡೆಯುವ ಟೈ ಸ್ವಲ್ಪ ಮೇಲು. ಸತು ಲೇಪಿಸಿದ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಕಟ್ಟುತಂತಿಯನ್ನು 15 ಸೆಂ.ಮೀ.ಗೊಂದರಂತೆ ಸುತ್ತಿ ಇಕ್ಕಳದಲ್ಲಿ ತಿರುಚಿದರೆ ಎಲ್ಲಕ್ಕಿಂತ ಒಳ್ಳೆಯದು. ತಿರುಚಿದ ಮೊನೆ ಹೊರಕ್ಕೆ ಬಾಗಿರಲಿ, ಒಳಕ್ಕೆ ಬಿಟ್ಟರೆ ಕೋಳಿಯ ಕಣ್ಣಿಗೂ ನಿಮ್ಮ ಮೊಣಕೈಗೂ ಅಪಾಯ. ಮರದ ಚೌಕಟ್ಟಿಗೆ ಹೊಡೆಯುವವರು ಸ್ಟೇಪಲ್ ನೆಚ್ಚಬೇಡಿ, ನಾಯಿ ಎರಡು ಸಲ ಒದ್ದರೆ ಕಳಚಿ ಬರುತ್ತದೆ. ಅಗಲ ವಾಷರ್ ಹಾಕಿದ ಸ್ಕ್ರೂ ಬೇಕು.

ಬುಡ

ಕಿಟ್‌ನ ಕಾಲುಗಳು ನೇರ ಮಣ್ಣಿನ ಮೇಲೆ ನಿಲ್ಲುತ್ತವೆ, ಜಾಲರಿ ಮಣ್ಣಿಗೆ ತಾಗುವಲ್ಲಿ ಮುಗಿಯುತ್ತದೆ. ನರಿಗಾಗಲಿ ನಾಯಿಗಾಗಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಇದನ್ನು ಸರಿಪಡಿಸುವ ಕ್ರಮ ಹೀಗೆ. ಜಾಗ ಆರಿಸಿ, ಮೂಲೆಗಳಿಗೆ ಗೂಟ ಹೊಡೆದು ದಾರ ಕಟ್ಟಿ. 3 × 4 ಅಳತೆಯ ಒಂದು ಅನುಕೂಲವೆಂದರೆ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 5 ಮೀಟರ್ ಬರಬೇಕು. ಎರಡೂ ಕಡೆಯ ಕರ್ಣ 5 ಮೀಟರ್ ಆದರೆ ಮೂಲೆಗಳು ಮಟ್ಟವಾಗಿವೆ ಎಂದರ್ಥ. ಈ ಹಂತದಲ್ಲಿ 3 ಸೆಂ.ಮೀ. ತಪ್ಪಿದರೂ ಕೊನೆಗೆ ಬಾಗಿಲು ಮುಚ್ಚುವುದಿಲ್ಲ, ಆಮೇಲೆ ಬೈಗುಳ ಬಾಗಿಲಿಗೆ ಬೀಳುತ್ತದೆ.

ದಾರದ ಗುಂಟ ಹುಲ್ಲು ಹೆರೆದು ಮಟ್ಟ ಮಾಡಿ. ಅದರ ಮೇಲೆ 60 ಸೆಂ.ಮೀ. ಮೆಶ್ ಪಟ್ಟಿಯನ್ನು ಹಾಸಿ: 10 ಸೆಂ.ಮೀ. ಗೋಡೆಯಡಿಗೆ, 50 ಸೆಂ.ಮೀ. ಹೊರಕ್ಕೆ. ಪಟ್ಟಿಯ ಒಳ ಅಂಚಿನ ಮೇಲೆ ಒಂದು ಸಾಲು 40 × 20 × 20 ಸೆಂ.ಮೀ. ಟೊಳ್ಳು ಕಾಂಕ್ರೀಟ್ ಬ್ಲಾಕ್ ಕೂರಿಸಿ, ಸುತ್ತಲಿಗೆ ಸುಮಾರು 35 ಬ್ಲಾಕ್ ಬೇಕು. ಮೆಶ್ ಬ್ಲಾಕಿನಡಿ ಸಿಕ್ಕಿಕೊಂಡು ಅಲುಗುವುದಿಲ್ಲ. ಹೊರಗಿನ ಭಾಗವನ್ನು U ಆಕಾರದ ತಂತಿ ಮೊಳೆಗಳಿಂದ 30 ಸೆಂ.ಮೀ.ಗೊಂದರಂತೆ ನೆಲಕ್ಕೆ ಚುಚ್ಚಿ, ಹೆರೆದ ಹುಲ್ಲನ್ನೇ ವಾಪಸ್ ಮೇಲೆ ಹೊದಿಸಿ. ಹುಲ್ಲು ಬೇರು ಬಿಟ್ಟ ಮೇಲೆ ಮೆಶ್ ಕಾಣುವುದೂ ಇಲ್ಲ, ಕಾಲಿಗೆ ತೊಡರುವುದೂ ಇಲ್ಲ.

ಪಟ್ಟಿ ಹೊರಕ್ಕೆ ಏಕೆ ಎಂದರೆ, ತೋಡುವ ಪ್ರಾಣಿ ಗೋಡೆಗೆ ಮೂಗು ತಾಗಿದ ಕಡೆಯೇ ಉಗುರು ಹಾಕುತ್ತದೆ. ಕೆಳಗೆ ತಂತಿ ಸಿಕ್ಕರೆ ಪಕ್ಕಕ್ಕೆ ಸರಿದು ಗೋಡೆಯುದ್ದಕ್ಕೂ ಪ್ರಯತ್ನಿಸುತ್ತದೆಯೇ ಹೊರತು ಅರ್ಧ ಮೀಟರ್ ಹಿಂದೆ ಹೋಗಿ ಅಲ್ಲಿಂದ ಸುರಂಗ ಕೊರೆಯುವ ಬುದ್ಧಿ ಓಡಿಸುವುದಿಲ್ಲ. ಮೆಶ್ಶನ್ನು 30ರಿಂದ 45 ಸೆಂ.ಮೀ. ಆಳಕ್ಕೆ ನೇರ ಹೂಳುವುದೂ ಉಂಟು. ಮಣ್ಣು ಮೆದುವಾಗಿದ್ದರೆ ಸರಿ, ಕಲ್ಲು, ಬೇರು ಇದ್ದರೆ ಹಾರೆ ಹಿಡಿದವರ ಸೊಂಟ ಬಿದ್ದುಹೋಗುತ್ತದೆ. ಹೂತ ತಂತಿ ತುಕ್ಕು ಹಿಡಿದರೂ ಕಾಣುವುದಿಲ್ಲ. ರನ್‌ನ ಒಳ ನೆಲಕ್ಕೆಲ್ಲ ಮೆಶ್ ಹಾಸುವುದು ಮಾತ್ರ ಬೇಡವೇ ಬೇಡ. ಕೋಳಿ ಕೆದಕಿ ಕೆದಕಿ ಹಾಸು ಸರಿದಾಗ ಉಗುರು ಸಿಕ್ಕಿಕೊಂಡು ಪಾದ ಗಾಯವಾಗುತ್ತದೆ, ಸನಿಕೆ ಹಾಕಿ ಹಾಸು ತಿರುವಲೂ ಆಗುವುದಿಲ್ಲ.

ಬ್ಲಾಕಿನ ಸಾಲಿನಿಂದ ಇನ್ನೂ ಮೂರು ಲಾಭ. ಪೈಪಿನ ಕಾಲು ಮಣ್ಣಿನಿಂದ 20 ಸೆಂ.ಮೀ. ಮೇಲೆ ಒಣಗಿರುತ್ತದೆ. ಒಳಗೆ ಹಾಕಿದ ಹಾಸು ಹೊರಗೆ ಚೆಲ್ಲುವುದಿಲ್ಲ. ಎತ್ತರವೂ ಹೆಚ್ಚುತ್ತದೆ: ಈ ಮಾದರಿಯಲ್ಲಿ ನಡು ಮಾಡು 2 ಮೀಟರ್ ದಾಟಿದರೂ ಅಂಚು 1.7ರ ಆಸುಪಾಸು ಇರುತ್ತದೆ, ಸಾಧಾರಣ ಎತ್ತರದವರಿಗೂ ಅಂಚಿನಲ್ಲಿ ತಲೆ ತಾಗುತ್ತದೆ. ಬ್ಲಾಕ್ ಮೇಲೆ ಕೂತರೆ ಅದು 1.9 ಆಗುತ್ತದೆ. ಬ್ಲಾಕ್ ಭಾರ ಎನ್ನುವವರು ನೆಲಕ್ಕೆ ತಾಗಿಸಲೆಂದೇ ಸಂಸ್ಕರಿಸಿದ 10 × 20 ಸೆಂ.ಮೀ. ತೊಲೆಗಳನ್ನು ಬಳಸಬಹುದು, ಆದರೆ ಗಾಳಿಗೆ ಬೇರೆ ಏರ್ಪಾಡು ಬೇಕು.

ಗಾಳಿ, ಮಳೆ

ಈ ಕಿಟ್‌ಗಳು ಹಾಳಾಗುವುದು ಪ್ರಾಣಿಗಳಿಗಿಂತ ಹೆಚ್ಚಾಗಿ ಗಾಳಿಯಿಂದ. ಬರೀ ಜಾಲರಿಯಾದರೆ ಗಾಳಿ ತೂರಿ ಹೋಗುತ್ತದೆ. ತಾಡಪಾಲು ಹೊದಿಸಿದ ಕ್ಷಣದಿಂದ ಅದು ಪಟವಾಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಗಂಟೆಗೆ 72 ಕಿ.ಮೀ. ಗಾಳಿಗೆ ಚದರ ಮೀಟರಿಗೆ ಸುಮಾರು 25 ಕಿಲೋ ಭಾರದಷ್ಟು ಒತ್ತಡ, 12 ಚದರ ಮೀಟರಿಗೆ 300 ಕಿಲೋ. ಕಿಟ್‌ನ ಪೂರ್ತಿ ತೂಕ ಇದರ ಹತ್ತಿರಕ್ಕೂ ಬರುವುದಿಲ್ಲ. ಎಂಟು ಕಾಲಿಗೆ ಹಂಚಿದರೂ ಒಂದೊಂದಕ್ಕೆ ಸುಮಾರು 38 ಕಿಲೋ ಎಳೆತ. ಕಿಟ್‌ನಲ್ಲಿ ಕೊಡುವ ಗೇಣುದ್ದದ ಗೂಟ ಮಳೆ ನೆನೆದ ಮಣ್ಣಿನಲ್ಲಿ ಎರಡು ಬೆರಳಿಗೆ ಕಿತ್ತುಬರುತ್ತದೆ.

ಕಾಲು ನಿಲ್ಲುವ ಕಡೆಯ ಬ್ಲಾಕಿನ ಟೊಳ್ಳಿಗೆ ಕಾಂಕ್ರೀಟ್ ತುಂಬಿ, ಹಸಿಯಿರುವಾಗಲೇ ಬೋಲ್ಟ್ ನೆಟ್ಟು, ಅದಕ್ಕೆ ಪೈಪ್ ಕ್ಲ್ಯಾಂಪ್ ಕೂರಿಸಿ. ತುಂಬಿದ ಬ್ಲಾಕ್ ಒಂದು 35 ಕಿಲೋ ಹತ್ತಿರ ಬರುತ್ತದೆ, ಪಕ್ಕದ ಬ್ಲಾಕುಗಳಿಗೆ ಸಿಮೆಂಟಿನಲ್ಲಿ ಬೆಸೆದರೆ ಅವುಗಳ ಭಾರವೂ ಸೇರಿಕೊಳ್ಳುತ್ತದೆ. ತೊಲೆಯ ಮೇಲೆ ನಿಲ್ಲಿಸುವವರು ಮೂಲೆಗಳಲ್ಲಿ ತಿರುಗಿಸಿ ಇಳಿಸುವ ಸ್ಕ್ರೂ ಆಂಕರ್ ಹಾಕಬೇಕು, ಅಥವಾ 12 ಮಿ.ಮೀ. ಸರಳನ್ನು 60 ಸೆಂ.ಮೀ. ಆಳಕ್ಕೆ ಓರೆಯಾಗಿ ಹೊಡೆಯಬೇಕು. ತಾಡಪಾಲನ್ನು ಬಿಗಿ ಹಗ್ಗದಲ್ಲಿ ಕಟ್ಟಬೇಡಿ. ರಬ್ಬರ್ ಹಗ್ಗದಲ್ಲಿ ಕಟ್ಟಿದರೆ ಬಿರುಗಾಳಿಗೆ ಹಿಗ್ಗಿ, ಕೊನೆಗೆ ತುಂಡಾಗಿ ತಾಡಪಾಲು ಹಾರಿಹೋಗುತ್ತದೆ. ಹೋದರೆ ತಾಡಪಾಲು ಹೋಗಲಿ, ಚೌಕಟ್ಟು ಉಳಿಯಲಿ.

ಮಳೆಯದ್ದು ಇನ್ನೊಂದು ಕಥೆ. ಮಾಡಿನ ಪೈಪುಗಳ ನಡುವೆ ಅಂತರ ಹೆಚ್ಚು, ಅಲ್ಲಿ ತಾಡಪಾಲು ಜೋತು ನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ಜೋಲಿನಲ್ಲಿ ಸರಾಸರಿ 5 ಸೆಂ.ಮೀ. ನೀರು ನಿಂತರೆ 50 ಕಿಲೋ ಆಯಿತು. ಪೈಪು ಬಾಗುತ್ತದೆ, ಬಾಗಿದ ಮೇಲೆ ಇನ್ನಷ್ಟು ನೀರು ನಿಲ್ಲುತ್ತದೆ, ಆಮೇಲೆ ಪೈಪು ಮಡಚಿಕೊಳ್ಳುತ್ತದೆ. ತಾಡಪಾಲಿನಡಿ 50ರಿಂದ 60 ಸೆಂ.ಮೀ.ಗೊಂದು ಅಡ್ಡ ಪೈಪು ಅಥವಾ ಬಿಗಿದ ದಪ್ಪ ತಂತಿ ಕೊಟ್ಟರೆ ಜೋಲು ಬೀಳುವುದಿಲ್ಲ. ಹಿಮ ಬೀಳುವ ಕಡೆ ಚಳಿಗಾಲ ಬರುವ ಮೊದಲೇ ತಾಡಪಾಲು ಬಿಚ್ಚಿಡಬೇಕು.

ಖಾಯಂ ಮಾಡು ಬೇಕೆನಿಸಿದರೆ ತಗಡಿನ ಶೀಟು ಚದರ ಮೀಟರಿಗೆ 4ರಿಂದ 5 ಕಿಲೋ, ಒಟ್ಟು 50ರಿಂದ 60 ಕಿಲೋ. ಈ ಚೌಕಟ್ಟು ಅದನ್ನು ಹೊರಲಾರದು, ನಡುವೆ ಎರಡು ಕಂಬ ಕೊಡಲೇಬೇಕು. ಅಲೆಯಾಕಾರದ ಪಾಲಿಕಾರ್ಬೊನೇಟ್ ಶೀಟು ಬಹಳ ಹಗುರ, ಬೆಳಕೂ ಬರುತ್ತದೆ. ಆದರೆ ಬಿಸಿಲು ಚುರುಕಾದ ಕಡೆ ಪಾರದರ್ಶಕ ಶೀಟು ಹಾಕಿದರೆ ಒಳಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಅಪಾರದರ್ಶಕವನ್ನೇ ಆರಿಸಿ. ಗಟ್ಟಿ ಮಾಡಿಗೆ ಇನ್ನೊಂದು ಕಾರಣವಿದೆ: ಕಾಡುಹಕ್ಕಿಗಳ ಹಿಕ್ಕೆ ಮೇವಿಗೆ, ನೀರಿಗೆ ಬೀಳುವುದಿಲ್ಲ. ಹಕ್ಕಿಜ್ವರದ ಸುದ್ದಿ ಇರುವ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಿಟ್ ತಯಾರಿಸಿದವರು ಯೋಚಿಸಿದಂತಿಲ್ಲ. 50 ಮಿ.ಮೀ. ಮಳೆಗೆ 12 ಚದರ ಮೀಟರ್ ಮಾಡಿನಿಂದ 600 ಲೀಟರ್ ಬೀಳುತ್ತದೆ, ಎರಡೂ ಅಂಚಿಗೆ ಮುನ್ನೂರರಂತೆ, ನೇರ ಗೋಡೆಯ ಬುಡಕ್ಕೆ. ದೋಣಿ ಹಾಕಿ ದೂರಕ್ಕೆ ಹರಿಸಿ, ಇಲ್ಲವೇ ಅಂಚಿನಡಿ ಜಲ್ಲಿ ತುಂಬಿದ ಸಣ್ಣ ಕಾಲುವೆ ತೆಗೆಯಿರಿ. ನೀರು ಒಳಕ್ಕೆ ಇಳಿದರೆ ಕೆಸರು, ಕೆಸರಾದರೆ ರಕ್ತಭೇದಿ. ಆ ರೋಗದ ಸೂಕ್ಷ್ಮಾಣು ಹಿಕ್ಕೆಯಲ್ಲಿ ಬೀಳುವಾಗ ಸೋಂಕು ತರುವ ಸ್ಥಿತಿಯಲ್ಲಿರುವುದಿಲ್ಲ. ತೇವವೂ ಬೆಚ್ಚನೆಯೂ ಸಿಕ್ಕರೆ ಒಂದೆರಡು ದಿನದಲ್ಲಿ ಹಾಗಾಗುತ್ತದೆ. ನೆಲ ಒಣಗಿದ್ದರೆ ಅರ್ಧ ರೋಗ ತಡೆದಂತೆ.

ಬಾಗಿಲು

ಕಿಟ್‌ನ ಬಾಗಿಲು 65ರಿಂದ 70 ಸೆಂ.ಮೀ. ಅಗಲ. ಒಬ್ಬರು ಬಕೆಟ್ ಹಿಡಿದು ಹೋಗಬಹುದು, ತಳ್ಳುಗಾಡಿ ತೂರಿಸುವಾಗ ಬೆರಳಿನ ಗೆಣ್ಣು ತರಚುತ್ತದೆ. 80 ಸೆಂ.ಮೀ. ಬಾಗಿಲಿರುವ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಎರಡು ಸೆಂ.ಮೀ. ಸಂದು ಇರುವುದು ಸಾಮಾನ್ಯ, ಇಲಿಗೆ ಅದು ಹೆದ್ದಾರಿ. ಬಾಗಿಲ ಮೂರು ಅಂಚಿಗೂ ಚೌಕಟ್ಟಿನ ಮೇಲೆ 5 ಸೆಂ.ಮೀ. ಹೊದೆಯುವಂತೆ ಮೆಶ್ ಪಟ್ಟಿ ಕಟ್ಟಿದರೆ ಸಂದು ಮುಚ್ಚುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕೋ ಒಳಕ್ಕೋ ಎಂಬ ವಾದ ಮುಗಿಯುವುದಿಲ್ಲ. ಒಳಕ್ಕೆ ತೆರೆದರೆ ಕೋಳಿ ನುಗ್ಗಿ ಬರುವುದಿಲ್ಲ ನಿಜ, ಆದರೆ ಕೆದಕಿದ ಹಾಸು ಬಾಗಿಲಿಗೆ ಅಡ್ಡ ರಾಶಿಯಾಗುತ್ತದೆ. 20 ಸೆಂ.ಮೀ. ಹೊಸ್ತಿಲಿದ್ದು ಹೊರಕ್ಕೆ ತೆರೆಯುವ ಬಾಗಿಲೇ ವಾಸಿ. ಗಾಡಿಗೆ ಒಂದು ಹಲಗೆ ಇಳಿಜಾರಾಗಿ ಇಟ್ಟುಕೊಂಡರಾಯಿತು.

ಮೆಶ್ ಬದಲಿಸಿದ ಮೇಲೆ ಬಾಗಿಲ ಭಾರ ಹೆಚ್ಚಿ ಚಿಲಕದ ಕಡೆ ಜೋಲುತ್ತದೆ. ಓರೆ ಪಟ್ಟಿ ಕೊಡುವುದಾದರೆ ಕೆಳಗಿನ ಹಿಂಜ್ ಮೂಲೆಯಿಂದ ಮೇಲಿನ ಚಿಲಕದ ಮೂಲೆಗೆ ಕೊಡಿ. ಬಿಗಿ ತಂತಿಯಾದರೆ ಉಲ್ಟಾ: ಮೇಲಿನ ಹಿಂಜ್ ಮೂಲೆಯಿಂದ ಕೆಳಗಿನ ಚಿಲಕದ ಮೂಲೆಗೆ. ಅದಲುಬದಲಾದರೆ ಎರಡೂ ಪ್ರಯೋಜನಕ್ಕೆ ಬರುವುದಿಲ್ಲ. ಚಿಲಕ ಒಂದರ ಬದಲು ಎರಡು, ಮೇಲೊಂದು ಕೆಳಗೊಂದು, ಕೆಳಗಿನದಕ್ಕೆ ಸ್ಪ್ರಿಂಗ್ ಕೊಕ್ಕೆ. ತಾನೇ ಬೀಳುವ ಚಿಲಕ ಹಾಕಿದವರು ಒಳಗಿನಿಂದ ಎಳೆಯಲು ಒಂದು ದಾರ ಕಟ್ಟಿಕೊಳ್ಳುವುದನ್ನು ಮರೆಯಬಾರದು. ಕೋಳಿಗಳ ಜೊತೆ ಬಂದಿಯಾಗಿ ಮನೆಯವರನ್ನು ಕೂಗುವುದು ತಮಾಷೆಯೇನಲ್ಲ.

ಜೋಡಣೆ ಮತ್ತು ಹಾಸು

ಕಾಗದದಲ್ಲಿ ಬರೆದಿರುವ ಎರಡು ಮೂರು ಗಂಟೆಯನ್ನು ನಂಬಬೇಡಿ. ಬುಡದ ಕೆಲಸ ಬಿಟ್ಟು ಚೌಕಟ್ಟು, ಜಾಲರಿ ಅಷ್ಟಕ್ಕೇ ಇಬ್ಬರಿಗೆ ಒಂದು ಪೂರ್ತಿ ಹಗಲು ಬೇಕು. ಪೈಪುಗಳನ್ನು ಉದ್ದದ ಪ್ರಕಾರ ಬೇರೆ ಬೇರೆ ಜೋಡಿಸಿಟ್ಟು ಎಣಿಸಿ. ಒಂದೆರಡು ಸೆಂ.ಮೀ. ವ್ಯತ್ಯಾಸದ ಎರಡು ಬಗೆಯ ಪೈಪು ಇರುತ್ತವೆ, ಅದಲುಬದಲಾದರೆ ಮಾಡು ಕೂಡಿಸುವಾಗಲೇ ಗೊತ್ತಾಗುವುದು. ಬೋಲ್ಟುಗಳನ್ನು ಕೈಯಲ್ಲಿ ಹಿಡಿಸುವಷ್ಟೇ ತಿರುಗಿಸಿ, ಪೂರ್ತಿ ಚೌಕಟ್ಟು ನಿಂತು ಕರ್ಣ ಮತ್ತೊಮ್ಮೆ ಅಳೆದ ಮೇಲೆ ಬಿಗಿ ಮಾಡಿ. ಜಾಲರಿಯನ್ನು ಬಾಗಿಲಿಂದ ದೂರದ ಮೂಲೆಯಿಂದ ಶುರು ಮಾಡಿ, ಮೇಲಂಚು ಕಟ್ಟಿಕೊಂಡು ಕೆಳಕ್ಕೆ ಎಳೆಯುತ್ತಾ ಬನ್ನಿ.

ಕೆಲಸ ಮುಗಿದ ದಿನವೇ ಒಂದು ದೊಡ್ಡ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಡೀ ನೆಲದ ಮೇಲೆ ಎಳೆಯಿರಿ. ಮೆಶ್ ಕತ್ತರಿಸಿದಾಗ ಬಿದ್ದ ಅಕ್ಕಿಕಾಳಿನಷ್ಟು ತಂತಿ ಚೂರುಗಳು ಮಿನುಗುತ್ತವೆ, ಮಿನುಗಿದ್ದನ್ನೆಲ್ಲ ಕೋಳಿ ನುಂಗುತ್ತದೆ. ಚೂಪು ತುದಿ ಜಠರ ಚುಚ್ಚಬಹುದು, ಸತುವಿನಿಂದ ವಿಷವೂ ಏರಬಹುದು. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬಹುಪಾಲು ಬಗೆಗಳು ಅಯಸ್ಕಾಂತಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಅವನ್ನು ಕತ್ತರಿಸುವಾಗಲೇ ಡಬ್ಬಿಗೆ ಹಾಕಿಕೊಳ್ಳಬೇಕು.

ನೆಲದ ಹಾಸಿಗಾಗಿ ದಪ್ಪ ಮರದ ಚೂರು ಒಳ್ಳೆಯದು. 15 ಸೆಂ.ಮೀ. ದಪ್ಪಕ್ಕೆ 12 ಚದರ ಮೀಟರಿಗೆ 1.8 ಘನ ಮೀಟರ್ ಬೇಕು. ನುಣ್ಣನೆ ಮರದಪುಡಿ ಧೂಳೆಬ್ಬಿಸುತ್ತದೆ, ಒಣಹುಲ್ಲು ಹಿಕ್ಕೆಯ ಜೊತೆ ಚಾಪೆಯಂತೆ ಅಂಟಿಕೊಂಡು ಅಡಿಯಲ್ಲಿ ಕೊಳೆಯುತ್ತದೆ. ಹಾಸು ಸರಿಯಿದೆಯೇ ಎಂದು ನೋಡಲು ನಿಂತು ಮೂಸಿದರೆ ಸಾಲದು, ಕೋಳಿಯ ತಲೆಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಮೂಸಿ. ಅಲ್ಲಿ ಮೂಗು ಚುರುಗುಟ್ಟಿದರೆ ತಿರುವಿಹಾಕುವ ಹೊತ್ತು ಮೀರಿದೆ. ಮಾಡಿನಡಿ ಒಣ ಮೂಲೆಯಲ್ಲಿ ಮರಳು, ಮಣ್ಣು ಬೆರೆಸಿದ ಒಂದು ಅಗಲ ತೊಟ್ಟಿ ಇಟ್ಟರೆ ಧೂಳುಸ್ನಾನಕ್ಕಾಯಿತು.

ಕಿಟ್ಟೋ, ಸ್ವಂತ ಕಟ್ಟಣೆಯೋ?

ಅಂಕ ಕೊಡುವುದಾದರೆ ಚೌಕಟ್ಟಿಗೆ 5ಕ್ಕೆ 3.5, ಬಾಗಿಲಿಗೆ 2, ತಾಡಪಾಲಿಗೆ 2, ಜಾಲರಿಗೆ 1, ಗೂಟ ಮತ್ತು ಟೈಗೆ ಸೊನ್ನೆ. ಮರಗೆಲಸ ಬಲ್ಲವರು ಕಿಟ್ಟಿನ ಗೋಜಿಗೇ ಹೋಗಬೇಕಿಲ್ಲ. ಇದೇ ಅಳತೆಗೆ 10 × 10 ಸೆಂ.ಮೀ. ದಪ್ಪದ, 2.7 ಮೀಟರ್ ಉದ್ದದ ಒಂಬತ್ತು ಕಂಬ ಸಾಕು: ಮೂಲೆಗೆ ನಾಲ್ಕು, ಉದ್ದದ ಬದಿಗಳ ನಡುವೆ ಒಂದೊಂದು, ಹಿಂಬದಿಗೆ ಒಂದು, ಬಾಗಿಲಿಗೆ ಎರಡು. 10 ಸೆಂ.ಮೀ. ಜಲ್ಲಿ ಹಾಸಿ, 60ರಿಂದ 70 ಸೆಂ.ಮೀ. ನೆಲಕ್ಕೆ ಇಳಿಸಿ, ಮೇಲೆ ಒಂದೇ ಕಡೆ ಇಳಿಜಾರಾಗುವಂತೆ ತಗಡು ಹೊದಿಸಿದರೆ ಗಾಳಿಯ ಚಿಂತೆ ಬಹುಪಾಲು ಅಲ್ಲಿಗೆ ಮುಗಿಯಿತು. ಬಾಡಿಗೆ ಮನೆಯಲ್ಲಿರುವವರಿಗೆ, ಜಾಗ ಬದಲಿಸುವ ಸಾಧ್ಯತೆ ಇರುವವರಿಗೆ, ಗರಗಸ ಹಿಡಿದು ಅಭ್ಯಾಸವಿಲ್ಲದವರಿಗೆ ಕಿಟ್ ಸರಿ. ಬಿಚ್ಚಿ ಕಟ್ಟಬಹುದೆಂಬ ಒಂದೇ ಗುಣದಲ್ಲಿ ಅದು ಮರವನ್ನು ಮೀರಿಸುತ್ತದೆ.

ಹಣ ಕೊಡುವ ಮೊದಲು ಮಾರುವವರನ್ನು ಇದೊಂದು ಕೇಳಿ: ಮೂಲೆ ಜಾಯಿಂಟು ಮತ್ತು ಬಾಗಿಲು ಬಿಡಿಯಾಗಿ ಸಿಗುತ್ತವೆಯೇ? ಮೊದಲು ಮುರಿಯುವುದು ಅವೇ. ಒಬ್ಬರ ಜಾಯಿಂಟು ಇನ್ನೊಬ್ಬರ ಪೈಪಿಗೆ ಕೂರುವುದು ಅಪರೂಪ, ವ್ಯಾಸದಲ್ಲಿ 1 ಮಿ.ಮೀ. ಹೆಚ್ಚುಕಡಿಮೆಯಾದರೂ ಒಳಕ್ಕೆ ಇಳಿಯುವುದಿಲ್ಲ ಅಥವಾ ಸಡಿಲಾಗಿ ಗಡಗಡ ಅನ್ನುತ್ತದೆ. ಬಿಡಿಭಾಗ ಇಲ್ಲ ಎಂದರೆ ಇನ್ನೊಂದು ಅಂಗಡಿ ನೋಡಿ.